ಅಂಗಮಾರಿಯ ಕಾರಣಶೋಧನೆ

ತುಂಗಭದ್ರಾ ಜಲಾಶಯದ ಹಿನ್ನೀರು ಅನತಿದೂರದಲ್ಲಿಯೇ ಹರಡಿಕೊಂಡಿದ್ದರೂ, ತಂಬ್ರಹಳ್ಳಿಯ ಸುತ್ತಣ ಮಸಾರಿ ನೆಲವು ತಲೆತಲಾಂತರದಿಂದ ಮುಗಿಲನ್ನೇ ನೆಚ್ಚಿ ಬಾಳಿದ ನೆಲ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಈ ಸೀಮೆಯಲ್ಲಿ, ಗುರ್ಜಿಯನ್ನು ಹೊತ್ತು ಮನೆಮನೆಗೆ ತಿರುಗಿ ಮಳೆಯನ್ನು ಬೇಡುವ ಪದ್ಧತಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಅಂತಹ ಊರುಗಳಲ್ಲಿ, ಸೋನೆ ಹಿಡಿದು ನಾಲ್ಕು ದಿನ ಮೋಡ ಮುಚ್ಚಿಕೊಂಡಿತೆಂದರೆ ಸಂತೋಷಪಡುವುದಕ್ಕೆ ಬದಲಾಗಿ ಕಳವಳಗೊಂಡು ತೋಟದ ಕಡೆಗೆ ಧಾವಿಸುವ ರೈತನೂ ಇದ್ದಾನೆಂಬುದು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಅವನು ದಾಳಿಂಬೆಯ ಬೆಳೆಗಾರ. ಅವನನ್ನು ಕಾಡುವ ಭಯದ ಹೆಸರು ಅಂಗಮಾರಿ.

ದಾಳಿಂಬೆಯು ಈ ನೆಲಕ್ಕೆ ಒಗ್ಗಿದ ಗಿಡವೆಂಬುದರಲ್ಲಿ ಸಂದೇಹವಿಲ್ಲ. ಇರಾನ್ ಮತ್ತು ಅದರ ನೆರೆಹೊರೆಯ ಶುಷ್ಕಪ್ರದೇಶಗಳು ಅದರ ತವರು. ಬಿಸಿಲನ್ನು ಸಹಿಸುವುದೂ, ಅಲ್ಪಜಲದಲ್ಲಿ ತೃಪ್ತಿಗೊಳ್ಳುವುದೂ, ಕಲ್ಲುಮಿಶ್ರಿತವಾದ ಬಡನೆಲದಲ್ಲಿಯೂ ಬೇರೂರಿ ಫಲವನ್ನು ಕೊಡುವುದೂ ಅದಕ್ಕೆ ಸಹಜವಾದ ಗುಣಗಳು. 1936ರಲ್ಲಿ ಪುಣೆಯಲ್ಲಿ ಡಾ. ಚೀಮಾ ಅವರು ಆರಿಸಿ ತೆಗೆದ, ಮುಂದೆ ‘ಗಣೇಶ್’ ಎಂಬ ಹೆಸರಿನಿಂದ ಪ್ರಖ್ಯಾತವಾದ ತಳಿಯೂ, ಅನಂತರ ಬಂದ ಕೆಂಪುಬಣ್ಣದ ‘ಭಗವಾ’ ತಳಿಯೂ ಪೇಟೆಯಲ್ಲಿ ಒಳ್ಳೆಯ ಬೆಲೆಯನ್ನು ತಂದುಕೊಡತೊಡಗಿದ ಮೇಲೆ, ಜೋಳ, ಸಜ್ಜೆ, ಶೇಂಗಾಗಳನ್ನು ಬಿತ್ತುತ್ತಿದ್ದ ಹೊಲಗಳಲ್ಲಿ ಬೋರು ಕೊರೆಯಿಸಿ, ಡ್ರಿಪ್ ಎಳೆದು, ಬ್ಯಾಂಕಿನ ಸಾಲವನ್ನು ಹೆಗಲಿಗೇರಿಸಿಕೊಂಡು ದಾಳಿಂಬೆಯನ್ನು ನೆಟ್ಟವರು ಅನೇಕರು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳಲ್ಲಿ ಮಾತ್ರವಲ್ಲದೆ, ಹೊಳೆಯಾಚೆಯ ಕೊಪ್ಪಳದಲ್ಲಿಯೂ ಬಾಗಲಕೋಟೆ ವಿಜಯಪುರಗಳಲ್ಲಿಯೂ ಇದೇ ಕಥೆ. ಹೀಗೆ ಸಾವಿರಾರು ಎಕರೆಗಳಲ್ಲಿ ಒಂದೇ ಬಗೆಯ ಗಿಡ ಒತ್ತೊತ್ತಾಗಿ ನಿಂತು, ಒಂದು ತೋಟದ ಗೂಟಿ ಕಡ್ಡಿ, ಎಂದರೆ ಗಿಡದಲ್ಲಿಯೇ ಬೇರು ಬರಿಸಿ ತೆಗೆದ ಕಡ್ಡಿ, ಇನ್ನೊಂದು ತೋಟಕ್ಕೆ ಹೋಗುತ್ತಿದ್ದ ಕಾಲದಲ್ಲಿಯೇ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳ ದಾಳಿಂಬೆಯ ಸೀಮೆಗಳ ಮೇಲೆ ಅಂಗಮಾರಿಯು ಉಗ್ರರೂಪದಲ್ಲಿ ಎರಗಿತು. ಫಸಲಿನ ಮುಕ್ಕಾಲು ಪಾಲು ಹಾಳಾದ ತೋಟಗಳಿದ್ದವು. ಏನೂ ದಕ್ಕದೆ ಗಿಡಗಳನ್ನೇ ಕಿತ್ತು ಬದುವಿನಲ್ಲಿ ಸುಟ್ಟವರೂ ಇದ್ದರು.

ರೋಗವು ಮೊದಲು ತಲೆದೋರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮಳೆ ನಿಂತ ಮುಂಜಾನೆ ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದರೆ, ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ, ನೀರುಂಡು ಎಣ್ಣೆ ಸವರಿದಂತೆ ಮಿನುಗುವ ಒಂದು ಚುಕ್ಕೆ ಕಾಣುತ್ತದೆ. ಅದರ ಮೂಲಕ ಬೆಳಕು ಹಾಯುತ್ತದೆ. ಕೆಲವು ದಿನಗಳಲ್ಲಿ ಆ ಚುಕ್ಕೆಯ ನಡುವು ಕಂದುಬಣ್ಣಕ್ಕೆ ತಿರುಗಿ ಒಣಗುತ್ತದೆ, ಸುತ್ತಲೂ ಹಳದಿಯ ಅಂಚೊಂದು ಮೂಡುತ್ತದೆ, ಚುಕ್ಕೆಗಳು ಒಂದರೊಡನೊಂದು ಕೂಡಿಕೊಂಡು ಎಲೆ ಉದುರುತ್ತದೆ. ಕಡ್ಡಿಯ ಗೆಣ್ಣುಗಳಲ್ಲಿ ಕಪ್ಪಾದ ಗಾಯವಾಗಿ, ಅದು ಸುತ್ತುವರಿದಾಗ, ಕಾಯಿಯ ಭಾರಕ್ಕೆ ಟೊಂಗೆ ಅಲ್ಲಿಯೇ ಮುರಿದು ಬೀಳುತ್ತದೆ. ಆದರೆ ರೈತನ ಕರುಳನ್ನು ಹಿಂಡುವುದು ಕಾಯಿಯ ಮೇಲಣ ಮಚ್ಚೆ. ನಿಂಬೆಯ ಗಾತ್ರದ ಕಾಯಾಗಿರಲಿ, ಕೊಯ್ಲಿಗೆ ಬಂದ ಹಣ್ಣಾಗಿರಲಿ, ಸಿಪ್ಪೆಯ ಮೇಲೆ ಕಪ್ಪು ಕಲೆ ಎದ್ದು, ಆ ಕಲೆಯ ನಡುವೆ ನಕ್ಷತ್ರಾಕಾರವಾಗಿಯೋ ಕವಲೊಡೆದೋ ಬಿರುಕು ಹಾಯ್ದು, ಕೊನೆಗೆ ಹಣ್ಣು ಎರಡು ಹೋಳಾಗಿ ಬಾಯ್ದೆರೆದುಕೊಂಡು ಗಿಡದಲ್ಲಿಯೇ ಕೊಳೆಯುತ್ತದೆ. ಒಳಗಿನ ಕಾಳು ಕೆಡದಿದ್ದರೂ ಮಚ್ಚೆಯ ಹಣ್ಣನ್ನು ಪೇಟೆಯಲ್ಲಿ ಕೇಳುವವರಿಲ್ಲ. “ಮಚ್ಚಿ ಬಿತ್ತಂದ್ರ ವರ್ಷದ ದುಡಿಮಿ ಹೋತ್ರೀ” ಎಂಬ ಮಾತನ್ನು ಈ ಕಡೆಯ ತೋಟಗಳಲ್ಲಿ ಯಾರ ಬಾಯಿಂದಲಾದರೂ ಕೇಳಬಹುದು.

ಇಂತಹ ವಿಪತ್ತು ಒದಗಿದಾಗ ಮೊಟ್ಟಮೊದಲು ಏಳಬೇಕಾದ ಪ್ರಶ್ನೆ, ಇದಕ್ಕೆ ಕಾರಣವೇನು ಎಂಬುದು. ಆದರೆ ಸಂಕಟದಲ್ಲಿರುವವನಿಗೆ ಆ ಪ್ರಶ್ನೆಯನ್ನು ಕೇಳುವ ವ್ಯವಧಾನವಿರುವುದಿಲ್ಲ. ಔಷಧವೇನು ಎಂಬ ಪ್ರಶ್ನೆಯೇ ಮುಂದಾಗಿ, ಅಂಗಡಿಯಲ್ಲಿ ಕೊಟ್ಟುದನ್ನು ತಂದು ಸಿಂಪಡಿಸುವುದಾಗುತ್ತದೆ. ದಾಳಿಂಬೆಯ ಎಲೆಗೂ ಹಣ್ಣಿಗೂ ಮಚ್ಚೆಯನ್ನುಂಟುಮಾಡುವ ಶಿಲೀಂಧ್ರಗಳು ಒಂದೆರಡಲ್ಲ. ಬಿಸಿಲಿನ ಝಳದಿಂದಲೂ ಸಿಪ್ಪೆ ಕಪ್ಪಾಗುತ್ತದೆ. ನೀರಿನ ಏರುಪೇರಿನಿಂದಲೂ ಹಣ್ಣು ಸೀಳುತ್ತದೆ. ಇಡೀ ಗಿಡವೇ ಹಳದಿಗಟ್ಟಿ ಒಣಗುವ ಸೊರಗು ರೋಗವೊಂದಿದ್ದು, ಅದಕ್ಕೆ ಸೆರಟೊಸಿಸ್ಟಿಸ್ ಎಂಬ ಬೇರೊಂದು ಶಿಲೀಂಧ್ರವು ಕಾರಣ. ಅಂಗಮಾರಿಗಾದರೋ ಕಾರಣ ಬ್ಯಾಕ್ಟೀರಿಯ; ಶಿಲೀಂಧ್ರಕ್ಕೆಂದು ತಯಾರಿಸಿದ ಔಷಧವನ್ನು ಅದರ ಮೇಲೆ ಎಷ್ಟು ಸಲ ಸುರಿದರೂ ಸಾಲ ಬೆಳೆಯುವುದಲ್ಲದೆ ರೋಗ ಇಳಿಯುವುದಿಲ್ಲ. ಕಾರಣವನ್ನು ನಿಶ್ಚಯಿಸುವುದು ಪಂಡಿತರ ವಿಲಾಸವಲ್ಲ, ಚಿಕಿತ್ಸೆಯ ಮೊದಲನೆಯ ಭಾಗವೇ ಅದೆಂಬುದನ್ನು ನಾನು ಈ ಲೇಖನದಲ್ಲಿ ಒತ್ತಿ ಹೇಳಬಯಸುತ್ತೇನೆ.

ಗಿಡಮರಗಳಿಗೆ ಬ್ಯಾಕ್ಟೀರಿಯದಿಂದ ರೋಗ ಬರಬಲ್ಲುದೆಂಬ ತಿಳಿವಳಿಕೆಯೇ ಬಹಳ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಥಾಮಸ್ ಬರಿಲ್ ಎಂಬ ಆಚಾರ್ಯರು, ಪೇರ್ ಮರಗಳ ಟೊಂಗೆಗಳನ್ನು ಬೆಂಕಿ ತಗುಲಿದಂತೆ ಕರಿಕಾಗಿಸುತ್ತಿದ್ದ ರೋಗಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ಸಾರಿದರು. ಅನಂತರವೂ, ಜರ್ಮನಿಯ ಆಲ್ಫ್ರೆಡ್ ಫಿಷರ್ ಅವರಂತಹ ವಿದ್ವಾಂಸರು ಇಂತಹ ವಾದವನ್ನು ಒಪ್ಪದೆ, ಅಮೆರಿಕದ ಅರ್ವಿನ್ ಸ್ಮಿತ್ ಅವರೊಡನೆ ವರ್ಷಗಟ್ಟಲೆ ಲೇಖನಯುದ್ಧವನ್ನು ನಡೆಸಿದರು. ಆ ವಿವಾದವು ಸ್ಮಿತ್ತರ ಪಕ್ಷದಲ್ಲಿ ಇತ್ಯರ್ಥವಾದುದು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ. ನಮ್ಮ ದೇಶದ ದಾಳಿಂಬೆಯ ವಿಷಯಕ್ಕೆ ಬಂದರೆ, ಹಿಂಗೋರಾಣಿ ಮತ್ತು ಮೆಹ್ತಾ ಎಂಬ ವಿಜ್ಞಾನಿಗಳು ದೆಹಲಿಯಲ್ಲಿ ಈ ಎಲೆಮಚ್ಚೆಯನ್ನು ಕಂಡು 1952ರಲ್ಲಿ ಪ್ರಕಟಿಸಿದರು. 1959ರಲ್ಲಿ ಹಿಂಗೋರಾಣಿ ಮತ್ತು ಸಿಂಗ್ ಅವರು ಅದರ ಕಾರಣಜೀವಿಗೆ ಕ್ಸಾಂತೊಮೊನಾಸ್ ಪ್ಯೂನಿಸೆ ಎಂದು ನಾಮಕರಣ ಮಾಡಿದರು. ಅಂದು ಅದೊಂದು ಅಲ್ಪಸ್ವಲ್ಪ ಹಾನಿಯ ರೋಗವಾಗಿತ್ತು. ಅದೇ ಜೀವಿ ಮುಂದೆ ಅರ್ಧ ಶತಮಾನದೊಳಗೆ ದಕ್ಷಿಣಾಪಥದ ತೋಟಗಳನ್ನು ಬರಿದುಮಾಡುವುದೆಂದು ಆಗ ಊಹಿಸುವುದಕ್ಕೆ ಆಧಾರವೇನೂ ಇರಲಿಲ್ಲ.

ರೋಗಪೀಡಿತವಾದ ಎಲೆಯಲ್ಲಿ ಒಂದು ಸೂಕ್ಷ್ಮಜೀವಿಯು ಕಂಡಿತೆಂಬ ಮಾತ್ರಕ್ಕೆ ಅದೇ ಅಪರಾಧಿಯೆಂದು ತೀರ್ಮಾನಿಸಲಾಗದು. ಕೊಟ್ಟೂರಿನ ಗುರುಬಸವೇಶ್ವರನ ತೇರಿನ ದಿನ ಜನಸಂದಣಿಯಲ್ಲಿ ಒಬ್ಬನ ಜೇಬು ಕತ್ತರಿಸಿಹೋದರೆ, ಅವನ ಮಗ್ಗುಲಲ್ಲಿ ನಿಂತಿದ್ದವರೆಲ್ಲರೂ ಕಳ್ಳರಾಗುವುದಿಲ್ಲವಷ್ಟೆ. ಸತ್ತ ಅಂಗಾಂಶವನ್ನು ತಿನ್ನಲು ಅನಂತರ ಬಂದು ಸೇರಿದ ನೂರಾರು ಜೀವಾಣುಗಳು ಅಲ್ಲಿರುತ್ತವೆ. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ, ಕ್ಷಯರೋಗದ ಜೀವಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಅವರ ಹೆಸರಿನಲ್ಲಿ ಒಂದು ನಿಯಮಾವಳಿ ಪ್ರಸಿದ್ಧವಾಗಿದೆ. ಶಂಕಿತವಾದ ಜೀವಿಯು ರೋಗವಿರುವ ಕಡೆಯಲ್ಲೆಲ್ಲ ದೊರೆಯಬೇಕು. ಅದನ್ನು ಬೇರೆಲ್ಲ ಜೀವಿಗಳಿಂದ ಬಿಡಿಸಿ ಶುದ್ಧವಾಗಿ ಬೆಳೆಸಬೇಕು. ಹಾಗೆ ಬೆಳೆಸಿದುದನ್ನು ಆರೋಗ್ಯವಂತ ಗಿಡಕ್ಕೆ ಸೋಂಕಿಸಿದರೆ ಅದೇ ರೋಗವು ಅದೇ ಲಕ್ಷಣಗಳೊಡನೆ ಹುಟ್ಟಬೇಕು. ಆ ಗಿಡದಿಂದ ಅದೇ ಜೀವಿಯನ್ನು ಮತ್ತೆ ಪಡೆಯಬೇಕು.

ದಾಳಿಂಬೆಯ ಅಂಗಮಾರಿಯಲ್ಲಿ ಈ ಪರೀಕ್ಷೆಯು ನಿರ್ವಿಘ್ನವಾಗಿ ನೆರವೇರುತ್ತದೆ. ಮಚ್ಚೆಯ ಅಂಚಿನಿಂದ, ಎಂದರೆ ಹಸಿರೂ ಕಂದೂ ಕೂಡುವ ಗೆರೆಯಿಂದ, ಚಿಕ್ಕದೊಂದು ತುಣುಕನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಗಾಜಿನ ಪಟ್ಟಿಯ ಮೇಲಣ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಕತ್ತರಿಸಿದ ಅಂಚಿನಿಂದ ಮಸುಕಾದ ಧಾರೆಯೊಂದು ನೀರಿಗೆ ಹರಿದು ಹರಡುವುದು ಕಾಣುತ್ತದೆ. ಲಕ್ಷಾಂತರ ಬ್ಯಾಕ್ಟೀರಿಯಗಳ ಪ್ರವಾಹವದು. ಶಿಲೀಂಧ್ರದ ಮಚ್ಚೆಯಾಗಿದ್ದರೆ ಇದು ಕಾಣುವುದಿಲ್ಲ. ಐದು ನಿಮಿಷಗಳ ಈ ಕೆಲಸವು ರೈತನ ಎಷ್ಟೋ ಸಾವಿರ ರೂಪಾಯಿಗಳ ವ್ಯರ್ಥಸಿಂಪಡಣೆಯನ್ನು ತಪ್ಪಿಸಬಲ್ಲುದು. ಆ ನೀರನ್ನು ಸಕ್ಕರೆಯ ಅಂಶ ಬೆರೆಸಿದ ಅಗರ್ ತಟ್ಟೆಯ ಮೇಲೆ ಗೆರೆಯೆಳೆದಿಟ್ಟರೆ, ಕೆಲವು ದಿನಗಳಲ್ಲಿ ನುಣುಪಾದ, ಲೋಳೆಯಿಂದ ಹೊಳೆಯುವ ಹಳದಿಯ ಗುಂಪುಗಳು ಏಳುತ್ತವೆ. ಒಂದೊಂದು ಜೀವಿಯೂ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದರಿಂದ ಮೂರು ಭಾಗದಷ್ಟು ಮಾತ್ರ ಉದ್ದವುಳ್ಳ ಕಡ್ಡಿಯಾಕಾರದ ದೇಹ. ಒಂದು ತುದಿಯಲ್ಲಿ ಈಜುವುದಕ್ಕೊಂದು ಕಶಾಂಗ. ಇದನ್ನು ನೀರಿನಲ್ಲಿ ಕದಡಿ ಎಳೆಯ ದಾಳಿಂಬೆಯ ಸಸಿಗೆ ಸಿಂಪಡಿಸಿ ತೇವದಲ್ಲಿಟ್ಟರೆ ಅದೇ ಎಣ್ಣೆಮಚ್ಚೆ ಮರಳಿ ಮೂಡುತ್ತದೆ.

ಅಪರಾಧಿಯು ಸಿಕ್ಕಿದ ಮೇಲೆ ಅವನ ಕುಲಗೋತ್ರಗಳನ್ನು ನಿರ್ಣಯಿಸುವುದು ಬೇರೆಯೇ ಒಂದು ಶಾಸ್ತ್ರ. ಯಾವ ಗಿಡದಲ್ಲಿ ಸಿಕ್ಕಿತೋ ಆ ಗಿಡದ ಹೆಸರನ್ನು ಹಚ್ಚಿ ಹೊಸ ಪ್ರಭೇದವೆಂದು ಸಾರುವುದು ಹಿಂದೆ ರೂಢಿಯಾಗಿತ್ತು. ಹೀಗೆ ಹೆಸರುಗಳು ಮಿತಿಮೀರಿ ಬೆಳೆದುದರಿಂದ, 1980ರ ಜನವರಿ 1ರಂದು ಜಗತ್ತಿನ ವಿಜ್ಞಾನಿಗಳು ಅಂಗೀಕೃತನಾಮಗಳ ಒಂದು ಪಟ್ಟಿಯನ್ನು ಜಾರಿಗೆ ತಂದು, ಅದರಲ್ಲಿ ಸೇರದ ಹಳೆಯ ಹೆಸರುಗಳಿಗೆ ಮಾನ್ಯತೆಯಿಲ್ಲವೆಂದು ನಿರ್ಣಯಿಸಿದರು. ದಾಳಿಂಬೆಯ ಜೀವಿಯು ಆಗ ಸ್ವತಂತ್ರಪ್ರಭೇದವೆಂಬ ಪದವಿಯನ್ನು ಕಳೆದುಕೊಂಡು, ಕ್ಸಾಂತೊಮೊನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಪ್ರಭೇದದಲ್ಲಿ ದಾಳಿಂಬೆಯನ್ನು ಕಾಡತಕ್ಕ ಒಂದು ಶಾಖೆ ಎಂದು ಪರಿಗಣಿತವಾಯಿತು. 1995ರಲ್ಲಿ ಡಿಎನ್‌ಎಗಳ ಹೋಲಿಕೆಯನ್ನು ಆಧರಿಸಿ ಇಡೀ ಕುಲವನ್ನು ಪುನಃ ಪರಿಶೀಲಿಸಿದಾಗ ಅದು ಆಕ್ಸೊನೊಪೋಡಿಸ್ ಪ್ರಭೇದಕ್ಕೆ ಸೇರಿತು. ಈಚೆಗೆ ಸಿಟ್ರಿ ಎಂಬ ಪ್ರಭೇದದಲ್ಲಿ ಅದನ್ನು ಇರಿಸುತ್ತಾರೆ. ನಿಂಬೆಯ ಎಲೆ ಕಾಯಿಗಳ ಮೇಲೆ ಒರಟಾದ ಕಜ್ಜಿಯನ್ನುಂಟುಮಾಡುವ ಬ್ಯಾಕ್ಟೀರಿಯವೂ ಇದೇ ಪ್ರಭೇದದ್ದು. ಹೆಸರಿನ ಈ ಬದಲಾವಣೆಗಳು ಸಾಮಾನ್ಯ ಓದುಗರಿಗೆ ಬೇಸರ ತರಬಹುದಾದರೂ, ನಿಂಬೆಯ ಕಜ್ಜಿಯ ಮೇಲೆ ಜಗತ್ತಿನ ಬೇರೆಡೆಗಳಲ್ಲಿ ನಡೆದ ಅಪಾರವಾದ ಸಂಶೋಧನೆಯು ನಮ್ಮ ದಾಳಿಂಬೆಗೂ ದಾರಿದೀಪವಾಗಬಲ್ಲುದೆಂಬುದು ಈ ಬಾಂಧವ್ಯವು ತಿಳಿದುದರಿಂದಲೇ ಸ್ಪಷ್ಟವಾಯಿತು.

ಹೊಸ ಪ್ರಭೇದವೊಂದನ್ನು ಘೋಷಿಸುವುದಕ್ಕೆ ಇಂದು ಇರುವ ಕಟ್ಟಳೆಗಳು ಬಹು ಕಠಿನವಾದುವು. ಎರಡು ಜೀವಿಗಳ ಡಿಎನ್‌ಎ ಎಳೆಗಳನ್ನು ಒಂದರೊಡನೊಂದು ಹೆಣೆಯಿಸಿ ನೋಡಿದಾಗ ಹೋಲಿಕೆಯು ನೂರಕ್ಕೆ 70ಕ್ಕಿಂತ ಕಡಮೆಯಾದರೆ ಅವು ಬೇರೆ ಪ್ರಭೇದಗಳೆಂಬುದು ಬಹುಕಾಲದ ಅಳತೆಗೋಲು. ಸಂಪೂರ್ಣ ವಂಶವಾಹಿಯ ಅಕ್ಷರಗಳನ್ನೇ ಓದಬಲ್ಲ ಈ ಕಾಲದಲ್ಲಿ, ಸರಾಸರಿ ಹೋಲಿಕೆಯು 95–96ರ ಕೆಳಗಿಳಿಯಬೇಕೆನ್ನುತ್ತಾರೆ. ಅಷ್ಟೇ ಸಾಲದು, ಆ ಪ್ರಭೇದಕ್ಕೆ ಮಾದರಿಯಾದ ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿಯಿಟ್ಟು, ಯಾವ ದೇಶದ ವಿಜ್ಞಾನಿಯು ಕೇಳಿದರೂ ದೊರೆಯುವಂತೆ ಮಾಡಬೇಕು. ನಮ್ಮ ದೇಶದಲ್ಲಿ ಚಂಡೀಗಢದಲ್ಲಿ ಇಂತಹ ಸಂಗ್ರಹಾಲಯವಿದೆ.

ಈ ಶಾಸ್ತ್ರವು ಎಂತಹ ಪರೀಕ್ಷೆಗೆ ಒಳಗಾಗಬಹುದೆಂಬುದನ್ನು ತಿಳಿಯಲು ಇಂಗ್ಲೆಂಡಿನ ಓಕ್ ಮರಗಳ ಕಡೆಗೆ ಒಮ್ಮೆ ತಿರುಗಬೇಕಾಗಿದೆ. ಕೊಡಗು ಚಿಕ್ಕಮಗಳೂರುಗಳ ಕಾಫಿಯ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದ ಬೇರೆ ಕುಲದ ಮರ. ನಿಜವಾದ ಓಕ್ ನಮ್ಮ ದೇಶದಲ್ಲಿ ಹಿಮಾಲಯದ ಇಳಿಜಾರುಗಳಲ್ಲಿದೆ. ಇಂಗ್ಲೆಂಡಿನಲ್ಲಿ ಶತಮಾನಗಳ ಆಯುಸ್ಸುಳ್ಳ ಓಕ್ ಮರಗಳ ಕಾಂಡದಲ್ಲಿ ಉದ್ದುದ್ದನೆಯ ಬಿರುಕುಗಳಾಗಿ, ಅವುಗಳಿಂದ ಕಪ್ಪುದ್ರವವು ಸೋರತೊಡಗಿ, ಕೆಲವು ಮರಗಳು ನಾಲ್ಕಾರು ವರ್ಷಗಳಲ್ಲಿಯೇ ಒಣಗಿಹೋಗುವುದನ್ನು ಕಂಡ ಜನ ಗಾಬರಿಗೊಂಡರು. ತೊಗಟೆಯನ್ನು ಬಿಡಿಸಿ ನೋಡಿದರೆ ಒಳತೊಗಟೆಯು ಕೊಳೆತು ಕಪ್ಪಾಗಿರುತ್ತಿತ್ತು; ಬಹುಪಾಲು ಮರಗಳಲ್ಲಿ ಆ ಕೊಳೆತ ಭಾಗದ ಬಳಿಯಲ್ಲಿಯೇ ಅಗ್ರಿಲಸ್ ಎಂಬ ಜೀರುಂಡೆಯ ಮರಿಹುಳುಗಳು ಕೊರೆದ ಸುರಂಗಗಳೂ ಇರುತ್ತಿದ್ದವು. ಆಲಿಸ್ ಹೋಲ್ಟ್‌ನಲ್ಲಿರುವ ಅರಣ್ಯ ಸಂಶೋಧನ ಸಂಸ್ಥೆಯ ಸಾಂಡ್ರಾ ಡೆನ್‌ಮನ್, ಅವರೊಡನೆ ಕೆಲಸ ಮಾಡಿದ ಕ್ಯಾರೀ ಬ್ರೇಡಿ ಮೊದಲಾದವರು ಆ ಕೊಳೆತ ತೊಗಟೆಯಿಂದ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸತೊಡಗಿದಾಗ, ಅವುಗಳಲ್ಲಿ ಅನೇಕವು ಯಾವ ಪಟ್ಟಿಯಲ್ಲಿಯೂ ಇಲ್ಲದವಾಗಿ ಕಂಡವು. 2010ರಲ್ಲಿ ಗಿಬ್ಸಿಯೆಲ್ಲಾ ಕ್ವೆರ್ಸಿನೆಕಾನ್ಸ್ ಎಂದು ಹೊಸ ಕುಲವೂ ಹೊಸ ಪ್ರಭೇದವೂ ಆದ ಒಂದನ್ನು, 2012ರಲ್ಲಿ ಬ್ರೆನ್ನೇರಿಯಾ ಗುಡ್‌ವಿನಿ ಎಂಬ ಮತ್ತೊಂದನ್ನು, 2014ರಲ್ಲಿ ರಾನೆಲ್ಲಾ ವಿಕ್ಟೋರಿಯಾನಾ ಎಂಬ ಇನ್ನೊಂದನ್ನು ಅವರು ವರ್ಣಿಸಿ ಪ್ರಕಟಿಸಿದರು.

ಹೆಸರಿಟ್ಟುದಾಯಿತು, ಆದರೆ ಕಾಕ್ ಅವರ ನಿಯಮವನ್ನು ಅನ್ವಯಿಸುವುದೆಂತು? ಒಂದೇ ಮರದ ಗಾಯದಲ್ಲಿ ಈ ಜೀವಿಗಳು ಒಟ್ಟೊಟ್ಟಿಗೆ ದೊರೆಯುತ್ತಿದ್ದವು. ಅವುಗಳ ಸಂಗಡ ಜೀರುಂಡೆಯೂ ಇತ್ತು. ಕೆಲವು ಬ್ಯಾಕ್ಟೀರಿಯಗಳು ಆರೋಗ್ಯವಂತ ಮರಗಳಲ್ಲಿಯೂ ನಿರುಪದ್ರವಿಗಳಾಗಿ ವಾಸಿಸುತ್ತಿದ್ದವು. ಒಂದು ರೋಗಕ್ಕೆ ಒಂದೇ ಜೀವಿಯು ಕಾರಣವೆಂದು ಭಾವಿಸಿ ರಚಿಸಿದ ನಿಯಮವು ಇಲ್ಲಿ ಹಾಗೆಯೇ ನಿಲ್ಲುವಂತಿರಲಿಲ್ಲ. ಆದುದರಿಂದ ಅವರು ಹೊಸದಾಗಿ ಕಡಿದ ಓಕ್ ದಿಮ್ಮಿಗಳನ್ನು ತೆಗೆದುಕೊಂಡು, ಕೆಲವಕ್ಕೆ ಒಂದೊಂದು ಬ್ಯಾಕ್ಟೀರಿಯವನ್ನು, ಕೆಲವಕ್ಕೆ ಎರಡನ್ನು ಕೂಡಿಸಿ, ಕೆಲವಕ್ಕೆ ಅವುಗಳೊಡನೆ ಜೀರುಂಡೆಯ ಮೊಟ್ಟೆಗಳನ್ನೂ ಇರಿಸಿ ಕಾದು ನೋಡಿದರು. ಬ್ಯಾಕ್ಟೀರಿಯಗಳು ಗಾಯವನ್ನುಂಟುಮಾಡಬಲ್ಲವೆಂಬುದೂ, ಹುಳುವಿದ್ದಾಗ ಗಾಯವು ಮಿಗಿಲಾಗಿ ಬೆಳೆಯುವುದೆಂಬುದೂ 2018ರಲ್ಲಿ ಪ್ರಕಟವಾದ ಆ ಪ್ರಯೋಗದಿಂದ ತಿಳಿಯಿತು. ಅನಾವೃಷ್ಟಿಯಿಂದಲೋ ನೆಲದ ಸಾರಹೀನತೆಯಿಂದಲೋ ಮೊದಲೇ ಬಸವಳಿದ ಮರ, ಅದರ ತೊಗಟೆಯನ್ನು ಕೊರೆಯುವ ಹುಳು, ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಒಸರುವ ಬ್ಯಾಕ್ಟೀರಿಯಗಳ ಒಂದು ಕೂಟ, ಇವೆಲ್ಲವೂ ಸೇರಿ ಆ ರೋಗವಾಗುತ್ತದೆಂಬುದು ಈಗಿನ ತಿಳಿವಳಿಕೆ. ವೃಕ್ಷರೋಗಶಾಸ್ತ್ರದಲ್ಲಿ ಇದೊಂದು ಮಹತ್ತ್ವದ ತಿರುವೆಂದು ನನ್ನ ಭಾವನೆ. ಏಕೆಂದರೆ ಅಪರಾಧಿಯನ್ನು ಹುಡುಕಲು ಹೊರಟ ವಿಜ್ಞಾನವು ಇಲ್ಲಿ ಅಪರಾಧಿಯ ಸಂಗಡಿಗರನ್ನೂ, ಅವನಿಗೆ ಎಡೆಮಾಡಿಕೊಟ್ಟ ಸನ್ನಿವೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿತು.

ಶುದ್ಧವಾಗಿ ಬೆಳೆಸುವುದಕ್ಕೇ ಬಗ್ಗದ ಜೀವಿಗಳೂ ಉಂಟು. ಅದಕ್ಕೆ ದೃಷ್ಟಾಂತವು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಶ್ರೀಗಂಧದ ಮರದ ಎಲೆಗಳು ಸಣ್ಣದಾಗಿ, ಮುಳ್ಳುಗಳೋ ಎಂಬಂತೆ ಸೆಟೆದು, ಹೂ ಬಿಡುವುದು ನಿಂತು, ಎರಡು ಮೂರು ವರ್ಷಗಳಲ್ಲಿ ಮರವೇ ಸಾಯುವ ಸ್ಪೈಕ್ ರೋಗವನ್ನು 1899ರಲ್ಲಿ ಕೊಡಗಿನಲ್ಲಿ ಮೆಕಾರ್ತಿ ಎಂಬುವರು ಮೊದಲು ವರದಿಮಾಡಿದರು. ಮೈಸೂರು ಸಂಸ್ಥಾನಕ್ಕೆ ಗಂಧವೆಂದರೆ ಬೊಕ್ಕಸದ ಮಾತು. ಆದುದರಿಂದ ಶೋಧನೆಯೂ ಬಿರುಸಾಗಿ ನಡೆಯಿತು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು, ರೋಗದ ಟೊಂಗೆಯನ್ನು ಒಳ್ಳೆಯ ಮರಕ್ಕೆ ಕಸಿಮಾಡಿದರೆ ರೋಗವೂ ದಾಟುತ್ತದೆಂಬುದನ್ನು 1917ರಲ್ಲಿ ತೋರಿಸಿದರು. ಆದರೂ ಕಾರಣಜೀವಿಯು ಯಾವ ತಟ್ಟೆಯಲ್ಲಿಯೂ ಬೆಳೆಯಲಿಲ್ಲ, ಯಾವ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣಲಿಲ್ಲ. ವೈರಸ್ ಇರಬೇಕೆಂದು ದೀರ್ಘಕಾಲ ನಂಬಿದ್ದರು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜರೋಗದಲ್ಲಿ ಕೋಶಭಿತ್ತಿಯೇ ಇಲ್ಲದ ಅತಿಸೂಕ್ಷ್ಮವಾದ ಒಂದು ಬಗೆಯ ಬ್ಯಾಕ್ಟೀರಿಯವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡ ಮೇಲೆ, 1969ರಲ್ಲಿ ಗಂಧದ ಮರದ ರಸನಾಳಗಳಲ್ಲಿಯೂ ಅಂತಹುದೇ ಜೀವಿ ಇರುವುದು ಪತ್ತೆಯಾಯಿತು. ಎಪ್ಪತ್ತು ವರ್ಷಗಳ ಅನ್ವೇಷಣೆ ಅದು. ಫೈಟೊಪ್ಲಾಸ್ಮ ಎಂದು ಕರೆಯುವ ಈ ಜೀವಿಗಳಿಗೆ ಪ್ರಭೇದದ ಪೂರ್ಣಪದವಿಯನ್ನು ಕೊಡದೆ ‘ಕ್ಯಾಂಡಿಡೇಟಸ್’, ಎಂದರೆ ಅಭ್ಯರ್ಥಿ, ಎಂಬ ಮುನ್ನುಡಿಯೊಡನೆಯೇ ಇಂದಿಗೂ ಹೆಸರಿಸುತ್ತಾರೆ.

ಹಾಗೆ ನೋಡಿದರೆ ದಾಳಿಂಬೆಯ ರೈತನು ಒಂದು ವಿಷಯದಲ್ಲಿ ಭಾಗ್ಯವಂತ: ಅವನ ಶತ್ರುವು ಒಬ್ಬನೇ, ಅವನ ಗುರುತು ಸಿಕ್ಕಿದೆ, ನಡವಳಿಕೆಯೂ ಬಹುಮಟ್ಟಿಗೆ ತಿಳಿದಿದೆ. ಈ ಬ್ಯಾಕ್ಟೀರಿಯಕ್ಕೆ 30 ಡಿಗ್ರಿಯ ಆಸುಪಾಸಿನ ಉಷ್ಣತೆಯೂ ತೇವದ ಗಾಳಿಯೂ ಹಿತ. ಎಲೆಯ ರಂಧ್ರಗಳ ಮೂಲಕವೂ, ಗಾಯಗಳ ಮೂಲಕವೂ ಒಳಹೊಗುತ್ತದೆ. ಮಳೆಯ ಹನಿ ಸಿಡಿದಾಗ ಗಿಡದಿಂದ ಗಿಡಕ್ಕೂ, ಚಾಟನಿಯ, ಎಂದರೆ ಟೊಂಗೆ ಸವರುವ, ಕತ್ತರಿಯೊಡನೆ ಸಾಲಿನಿಂದ ಸಾಲಿಗೂ, ಗೂಟಿ ಕಡ್ಡಿಯೊಡನೆ ಊರಿನಿಂದ ಊರಿಗೂ ಪಯಣಿಸುತ್ತದೆ. ಉದುರಿದ ಎಲೆ, ಒಣಗಿದ ಕಡ್ಡಿ, ಬಿದ್ದ ಹಣ್ಣುಗಳಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. 2010ರಲ್ಲಿ ದಕ್ಷಿಣ ಆಫ್ರಿಕದಿಂದಲೂ ಇದರ ವರದಿಯಾಯಿತು. ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವೂ, ನಮ್ಮ ತೋಟಗಾರಿಕೆ ಹಾಗೂ ಕೃಷಿ ವಿಶ್ವವಿದ್ಯಾನಿಲಯಗಳೂ ಉಪದೇಶಿಸುವ ಕ್ರಮಗಳೆಲ್ಲವೂ ಈ ನಡವಳಿಕೆಯನ್ನು ಅರಿತು ರೂಪಿಸಿದುವೇ ಆಗಿವೆ.

ಅವುಗಳಲ್ಲಿ ಮುಖ್ಯವಾದುದು ಕಾಲದ ಆಯ್ಕೆ. ದಾಳಿಂಬೆಗೆ ವರ್ಷದಲ್ಲಿ ಮೂರು ಬಹಾರಗಳುಂಟು: ಜನವರಿ–ಫೆಬ್ರವರಿಯಲ್ಲಿ ಹೂವಾಗುವ ಅಂಬೆ, ಜೂನ್–ಜುಲೈಯ ಮೃಗ, ಸೆಪ್ಟೆಂಬರ್–ಅಕ್ಟೋಬರಿನ ಹಸ್ತ. ಮೃಗ ಬಹಾರದಲ್ಲಿ ನೀರಿನ ಖರ್ಚು ಕಡಮೆಯೆಂದು ಆಸೆಪಟ್ಟರೆ, ಎಳೆಗಾಯಿಗಳು ಮುಂಗಾರಿನ ತೇವದಲ್ಲಿಯೇ ಬೆಳೆಯಬೇಕಾಗಿ ಬಂದು ಅಂಗಮಾರಿಗೆ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಹಸ್ತ ಬಹಾರದಲ್ಲಾದರೆ ಕಾಯಿಯು ಒಣಹವೆಯ ಚಳಿಗಾಲದಲ್ಲಿ ಬಲಿಯುವುದರಿಂದ ರೋಗದ ಹಾವಳಿ ಬಹಳ ಇಳಿಯುತ್ತದೆ. ವರ್ಷಕ್ಕೆ ಒಂದೇ ಫಸಲನ್ನು ತೆಗೆದು, ಕೊಯ್ಲಾದ ಮೇಲೆ ಮೂರು ನಾಲ್ಕು ತಿಂಗಳು ಗಿಡಕ್ಕೆ ವಿಶ್ರಾಂತಿಯನ್ನು ಕೊಡಬೇಕು. ಚಾಟನಿಯ ಕಾಲದಲ್ಲಿ ಗಾಯವಿರುವ ಕಡ್ಡಿಯನ್ನು ಮಚ್ಚೆಗಿಂತ ಎರಡು ಅಂಗುಲ ಕೆಳಗೆ ಕತ್ತರಿಸಿ, ಒಂದೊಂದು ಗಿಡವಾದ ಮೇಲೂ ಕತ್ತರಿಯನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಕತ್ತರಿಸಿದುದನ್ನೂ ಉದುರಿದುದನ್ನೂ ಬದುವಿನಲ್ಲಿ ಒಟ್ಟದೆ ತೋಟದಾಚೆ ಸುಡಬೇಕು. ನೆಲಕ್ಕೆ ಬ್ಲೀಚಿಂಗ್ ಪೌಡರಿನ ನೀರನ್ನೂ ಗಿಡಕ್ಕೆ ಶೇಕಡ 1ರ ಬೋರ್ಡೊ ದ್ರಾವಣವನ್ನೂ ಸಿಂಪಡಿಸಬೇಕು. ಮೈಲುತುತ್ತ ಸುಣ್ಣಗಳ ಈ ಬೋರ್ಡೊ ದ್ರಾವಣವನ್ನು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬಳಸುವುದನ್ನು ನಮ್ಮವರಿಗೆ ಕಲಿಸಿಕೊಟ್ಟವರು, ಗಂಧದ ರೋಗದ ಬೆನ್ನುಹತ್ತಿದ್ದ ಅದೇ ಕೋಲ್ಮನ್ ಅವರು.

ಪ್ರತಿಜೈವಿಕ ಔಷಧಗಳ ವಿಷಯವನ್ನು ಇಲ್ಲಿ ಹೇಳದೆ ಬಿಡಲಾರೆ. ಅಂಗಮಾರಿಯು ಬ್ಯಾಕ್ಟೀರಿಯದ ರೋಗವೆಂದು ತಿಳಿದಂದಿನಿಂದ, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಮಿಶ್ರಣವನ್ನು ತೋಟಗಳಲ್ಲಿ ಪದೇ ಪದೇ ಸಿಂಪಡಿಸುವ ವಾಡಿಕೆ ಬೆಳೆಯಿತು. ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳ ಪ್ರಾಣವನ್ನು ಉಳಿಸಿದ ಮದ್ದು. ಅದನ್ನು ಎಕರೆಗಟ್ಟಲೆ ಚೆಲ್ಲಿದರೆ, ಮದ್ದಿಗೆ ಮಣಿಯದ ಜೀವಾಣುಗಳು ಗಿಡದಲ್ಲಿಯೂ ನೆಲದಲ್ಲಿಯೂ ಹುಟ್ಟಿಕೊಂಡು, ನಾಳೆ ಮನುಷ್ಯನಿಗೆ ಬೇಕಾದಾಗ ಅದು ನಿಷ್ಫಲವಾಗುವ ಅಪಾಯವಿದೆ. ಕೃಷಿಯಲ್ಲಿ ಇವುಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ ಹೊರಡಿಸಿದುದು ಯೋಗ್ಯವೇ ಆಯಿತು. ಸಾಲಗಾರನಾದ ರೈತನು ಭಯದಿಂದ ಸಿಂಪಡಿಸುತ್ತಾನೆ. ಅವನನ್ನು ದೂಷಿಸುವುದು ಸುಲಭ. ಹೋಬಳಿಗೊಂದು ಸೂಕ್ಷ್ಮದರ್ಶಕವನ್ನೂ, ಅದನ್ನು ನೋಡಬಲ್ಲವನೊಬ್ಬನನ್ನೂ ಇರಿಸಿ, ರೈತನು ತಂದ ಎಲೆಯನ್ನು ಅವನೆದುರಿಗೇ ಪರೀಕ್ಷಿಸಿ ಹೇಳುವ ವ್ಯವಸ್ಥೆಯನ್ನು ನಾವು ಮಾಡಿಕೊಡಬೇಕಾಗಿತ್ತು. ಅದಕ್ಕೆ ಆಗುವ ಖರ್ಚು ದೊಡ್ಡದಲ್ಲ.

ಮುಂಬರುವ ವರ್ಷದಲ್ಲಿ ಹೊಸದಾಗಿ ದಾಳಿಂಬೆಯನ್ನು ನೆಡಬೇಕೆಂದಿರುವ ತಂಬ್ರಹಳ್ಳಿಯ ಹಾಗೂ ಸುತ್ತಣ ಊರುಗಳ ರೈತಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಅಗ್ಗಕ್ಕೆ ಸಿಕ್ಕಿತೆಂದು ಎಲ್ಲಿಂದಲೋ ಬಂದ ಗೂಟಿ ಸಸಿಗಳನ್ನು ಟ್ರ್ಯಾಕ್ಟರಿಗೆ ಏರಿಸಿಕೊಂಡು ಬರಬೇಡಿರಿ. ಅವುಗಳನ್ನು ತೆಗೆದ ತಾಯಿತೋಟವು ಯಾವುದೆಂದು ಕೇಳಿ, ಬೇಸಗೆಯಲ್ಲಲ್ಲ, ರೋಗವು ತನ್ನನ್ನು ಮರೆಮಾಡಿಕೊಳ್ಳಲಾರದ ಮಳೆಗಾಲದಲ್ಲಿಯೇ ಅಲ್ಲಿಗೆ ಹೋಗಿ, ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಕಡ್ಡಿಯ ಗೆಣ್ಣುಗಳನ್ನು ನೋಡಿರಿ. ಸಂದೇಹ ಬಂದರೆ ನಾಲ್ಕು ಎಲೆಗಳನ್ನು ಕಾಗದದಲ್ಲಿ ಸುತ್ತಿ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ದು ತೋರಿಸಿದ ಮೇಲೆಯೇ ಹಣವನ್ನು ಎಣಿಸಿರಿ.